ಗದ್ದೆಯ ಗಾಳಿಯ ಲೆಕ್ಕ

ನಾಟಿಯಾದ ಗದ್ದೆಯಲ್ಲಿ ಕಾಲಿಟ್ಟು ನಡೆಯುವವನ ಹೆಜ್ಜೆ ಹೆಜ್ಜೆಗೂ ಕೆಸರಿನಾಳದಿಂದ ಗುಳ್ಳೆಗಳೆದ್ದು ನೀರಿನ ಮೇಲೆ ಒಡೆಯುವುದು ಬೇಸಾಯಗಾರರೆಲ್ಲರೂ ಕಂಡ ಸಂಗತಿ. ಆ ಗುಳ್ಳೆಯೊಳಗಿನ ವಾಯುವು ಯಾವುದೆಂದು ವಿಚಾರಿಸುವ ಅಗತ್ಯವು ಅವರಿಗೆ ಎಂದೂ ಬರಲಿಲ್ಲ. ಆದರೆ 1990ನೆಯ ಇಸವಿಯ ಸುಮಾರಿಗೆ ಆ ಗುಳ್ಳೆಯೇ ರಾಷ್ಟ್ರರಾಷ್ಟ್ರಗಳ ನಡುವೆ ದೊಡ್ಡದೊಂದು ವಾದಕ್ಕೆ ವಿಷಯವಾಯಿತು. ಲೋಕದ ವಾಯುಮಂಡಲವನ್ನು ಕಾಯಿಸುತ್ತಿರುವ ಅಪರಾಧದಲ್ಲಿ ಭಾರತದ ಬತ್ತದ ರೈತನ ಪಾಲೆಷ್ಟು ಎಂಬುದೇ ಆ ವಾದ. ಅದು ಹೇಗೆ ಹುಟ್ಟಿತು, ಹೇಗೆ ತೀರಿತು, ತೀರಿದ ಮೇಲೆಯೂ ಏನು ಉಳಿಯಿತು ಎಂಬುದನ್ನು ಇಲ್ಲಿ ನಿರೂಪಿಸಲಾಗುವುದು.

ಈ ವಾಯುವಿಗೆ ಮಿಥೇನ್ ಎಂದು ಹೆಸರು. ಒಂದು ಅಂಗಾರದ ಪರಮಾಣುವಿಗೆ ನಾಲ್ಕು ಜಲಜನಕದ ಪರಮಾಣುಗಳು ಕೂಡಿ ಆದದ್ದು. ಇದನ್ನು ಮೊದಲು ಹಿಡಿದು ಪರೀಕ್ಷಿಸಿದವನು ಇಟಲಿಯ ವೋಲ್ಟಾ ಎಂಬ ಪಂಡಿತನು. 1776ರಲ್ಲಿ ಅವನು ಮಜ್ಜೋರೆ ಸರೋವರದ ಅಂಚಿನ ಜೌಗಿನಲ್ಲಿ ಕೆಸರನ್ನು ಕೋಲಿನಿಂದ ಕದಡಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ತುಂಬಿ, ಅದು ಉರಿಯುವ ವಾಯುವೆಂದು ಕಂಡುಕೊಂಡನು. ಬತ್ತದ ಗದ್ದೆಯ ವಾಯುವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಗೌರವವಾದರೋ ನಮ್ಮ ದಕ್ಷಿಣದೇಶದ್ದು. ಕೊಯಮತ್ತೂರಿನ ಕೃಷಿ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಹ್ಯಾರಿಸನ್ ಎಂಬ ಆಂಗ್ಲರೂ ಪಿ. ಎ. ಸುಬ್ರಹ್ಮಣ್ಯ ಅಯ್ಯರ್ ಅವರೂ ಕೂಡಿ 1913ರಲ್ಲಿ ಬತ್ತದ ಕೆಸರಿನ ವಾಯುಗಳ ಮೇಲೆ ಮೊದಲ ಪ್ರಬಂಧವನ್ನು ಪ್ರಕಟಿಸಿದರು. ಅದರ ಮುಂದಿನ ಭಾಗಗಳು ಅನಂತರದ ವರ್ಷಗಳಲ್ಲಿ ಬಂದವು. ಕೆಸರಿನಾಳದ ವಾಯುವಿನಲ್ಲಿ ಮಿಥೇನ್ ಮತ್ತು ಸಾರಜನಕಗಳೇ ಪ್ರಧಾನವೆಂದೂ, ಅಂಗಾರಾಮ್ಲ ಹಾಗೂ ಜಲಜನಕಗಳು ಕೊಂಚ ಮಟ್ಟಿಗೆ ಬೆರೆತಿರುವುವೆಂದೂ ಅವರು ತೋರಿಸಿದರು. ಇನ್ನೊಂದು ವಿಷಯವನ್ನೂ ಕಂಡರು. ಮಣ್ಣಿನ ಮೇಲೆ, ನೀರಿನ ಅಡಿಯಲ್ಲಿ, ಪಾಚಿಯೂ ಸೂಕ್ಷ್ಮಜೀವಿಗಳೂ ಹೆಣೆದ ತೆಳ್ಳನೆಯ ಪೊರೆಯೊಂದಿರುವುದು. ಏರಿ ಬರುವ ಮಿಥೇನಿನ ಒಂದು ಪಾಲನ್ನು ಅದು ಅಲ್ಲಿಯೇ ದಹಿಸಿ ಅಂಗಾರಾಮ್ಲವನ್ನಾಗಿ ಮಾಡುವುದು. ಪಾಚಿಯು ಅದನ್ನುಂಡು ಬಿಡುವ ಆಮ್ಲಜನಕವು ನೀರಿನಲ್ಲಿ ಕರಗಿ ಪೈರಿನ ಬೇರಿಗೆ ಉಸಿರಾಗುವುದು. ಅವರ ಚಿಂತೆಯೆಲ್ಲವೂ ಬೇರಿನ ಉಸಿರಾಟದ್ದು. ಆಕಾಶಕ್ಕೆ ಹೋದ ವಾಯುವಿನ ಗತಿಯೇನೆಂಬ ಪ್ರಶ್ನೆ ಆಗಿನ್ನೂ ಹುಟ್ಟಿರಲಿಲ್ಲ. ಈ ಶಾಸ್ತ್ರದಲ್ಲಿ ಗ್ರಂಥರಚನೆ ಮಾಡುವ ಪರದೇಶದ ವಿದ್ವಾಂಸರು ಅಯ್ಯರ್ ಅವರ ಹೆಸರನ್ನು ತಪ್ಪದೆ ಸ್ಮರಿಸುತ್ತಿದ್ದರೂ ನಮ್ಮವರ ಬಾಯಲ್ಲಿ ಅದು ಕೇಳಿಬರುವುದು ಅಪೂರ್ವ.

ಆ ಪ್ರಶ್ನೆ ಹುಟ್ಟಲು ಅರುವತ್ತು ವರ್ಷಗಳಿಗೆ ಮೇಲ್ಪಟ್ಟು ಹಿಡಿಯಿತು. ಭೂಮಿಯಿಂದ ಹೊರಡುವ ಶಾಖವನ್ನು ತಡೆದು ನಿಲ್ಲಿಸುವ ವಾಯುಗಳಲ್ಲಿ ಅಂಗಾರಾಮ್ಲದಂತೆ ಮಿಥೇನೂ ಒಂದೆಂದು ಅಮೆರಿಕಾದ ಕೆಲವರು ವಿದ್ವಾಂಸರು 1976ರಲ್ಲಿ ಗಣಿತಪೂರ್ವಕವಾಗಿ ತೋರಿಸಿದರು. ತೂಕಕ್ಕೆ ತೂಕ ಹಿಡಿದರೆ ನೂರು ವರ್ಷಗಳ ಅವಧಿಯಲ್ಲಿ ಅದು ಅಂಗಾರಾಮ್ಲಕ್ಕಿಂತ ಇಪ್ಪತ್ತೇಳು ಮಡಿಗೆ ಕಡಮೆಯಿಲ್ಲದಷ್ಟು ಕಾಯಿಸುವುದೆಂದು ಈಗಿನ ಗಣನೆ. 1981ರಲ್ಲಿ ಕ್ಯಾಲಿಫೋರ್ನಿಯಾದ ಗದ್ದೆಯೊಂದರಲ್ಲಿ ಸಿಸೆರೋನ್ ಮತ್ತು ಶೆಟ್ಟರ್ ಎಂಬವರು ಗಾಳಿಗೆ ಸೇರುವ ಮಿಥೇನನ್ನು ಅಳೆದು ಪ್ರಕಟಿಸಿದರು. ಅನಂತರ ಜರ್ಮನಿಯ ವಿದ್ವಾಂಸರು ಸ್ಪೇನಿನಲ್ಲಿಯೂ ಇಟಲಿಯ ವೆರ್ಚೆಲ್ಲಿ ಸೀಮೆಯಲ್ಲಿಯೂ ಅಳೆದರು. ಮಿಥೇನಿನ ಬಹುಪಾಲು ಗುಳ್ಳೆಯಾಗಿ ಏರುವುದಿಲ್ಲವೆಂದೂ, ಬತ್ತದ ದಂಟಿನೊಳಗಿನ ಪೊಳ್ಳುನಾಳಗಳೇ ಅದಕ್ಕೆ ಹೊಗೆಗೂಡಾಗಿರುವುವೆಂದೂ ಆಗ ತಿಳಿದುಬಂದಿತು. ಬೇರಿಗೆ ಉಸಿರನ್ನು ಇಳಿಸುವ ದಾರಿಯೇ ಈ ವಾಯುವನ್ನು ಏರಿಸುವ ದಾರಿಯೂ ಆಯಿತು.

ಇಲ್ಲಿಂದ ಮುಂದೆ ನಡೆದದ್ದು ಗುಣಾಕಾರ. ಒಂದು ಚದರ ಗಜದಿಂದ ದಿನಕ್ಕೆ ಹೊರಡುವ ವಾಯುವೆಷ್ಟು, ಪೈರು ನಿಲ್ಲುವ ದಿನಗಳೆಷ್ಟು, ದೇಶದಲ್ಲಿರುವ ಗದ್ದೆಯೆಷ್ಟು, ಇವು ಮೂರನ್ನು ಗುಣಿಸಿದರೆ ಲೆಕ್ಕ ಮುಗಿಯಿತು. ಭಾರತದಲ್ಲಿ ಆಗ ಬತ್ತ ಬೆಳೆಯುತ್ತಿದ್ದ ಭೂಮಿ ಸುಮಾರು 4 ಕೋಟಿ 20 ಲಕ್ಷ ಹೆಕ್ಟೇರ್. ಮೊದಲನೆಯ ಅಂಕಿಯು ಯುರೋಪು ಅಮೆರಿಕಾಗಳ ಗದ್ದೆಯದು, ಕೊನೆಯದು ಭಾರತದ್ದು. ಈ ರೀತಿಯಾಗಿ ಅಮೆರಿಕಾ ಸರ್ಕಾರದ ಪರಿಸರ ಸಂರಕ್ಷಣ ಇಲಾಖೆಯ ಗಣನೆಯಲ್ಲಿ ಭಾರತದ ಗದ್ದೆಗಳ ಪಾಲಿಗೆ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮಿಥೇನ್ ಬಂದಿತು. 1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಹೊರಡಿಸಿದ ವರದಿಯಲ್ಲಿ ಭೂಮಿಯನ್ನು ಕಾಯಿಸುವ ರಾಷ್ಟ್ರಗಳ ಸಾಲಿನಲ್ಲಿ ಭಾರತಕ್ಕೆ ಐದನೆಯ ಸ್ಥಾನ ದೊರೆಯಿತು. ಮೋಟಾರು ಕಾರೂ ವಿದ್ಯುದ್ದೀಪವೂ ಇಲ್ಲದ ಎಷ್ಟೋ ಹಳ್ಳಿಗಳ ಜನರು ಹೀಗೆ ತಮಗರಿಯದಂತೆಯೇ ಆರೋಪಿಗಳ ಪಂಕ್ತಿಯಲ್ಲಿ ಕುಳಿತರು.

ಇದಕ್ಕೆ ಎರಡು ಬಗೆಯ ಉತ್ತರಗಳು ಹೊರಟವು. ದೆಹಲಿಯ ಅನಿಲ್ ಅಗರವಾಲ್, ಸುನೀತಾ ನಾರಾಯಣ್ ಇಬ್ಬರೂ 1991ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿ, ಹೊಟ್ಟೆಯ ಕೂಳಿಗಾಗಿ ಹೊರಡುವ ವಾಯುವನ್ನೂ ಭೋಗಕ್ಕಾಗಿ ಹೊರಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಧರ್ಮವಲ್ಲವೆಂದು ವಾದಿಸಿದರು. ಇದು ನೀತಿಯ ಉತ್ತರ. ತೂಗಿದ ತೂಕವೇ ಸರಿಯೋ ಎಂದು ಕೇಳಿದ್ದು ಎರಡನೆಯದು. ನೀತಿಯ ಮಾತಿಗೆ ಎದುರುಮಾತು ಎಂದಿಗೂ ಇದ್ದೇ ಇರುತ್ತದೆ. ತೂಕದ ಮಾತಿಗೆ ತಕ್ಕಡಿಯನ್ನೇ ತರಬೇಕು. ಆ ತಕ್ಕಡಿಯನ್ನು ತಂದವರು ಅಶೇಷ ಪ್ರಸಾದ ಮಿತ್ರರು.

ಮಿತ್ರರು ಕೃಷಿಶಾಸ್ತ್ರದವರಲ್ಲ. 1927ರಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ಶಿಶಿರಕುಮಾರ ಮಿತ್ರರ ಶಿಷ್ಯರಾಗಿ, ಭೂಮಿಗೆ ಬಹುದೂರ ಮೇಲಿರುವ, ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ವಾಯುಸ್ತರಗಳನ್ನು ಅಭ್ಯಾಸಮಾಡಿ ಕೀರ್ತಿವಂತರಾದವರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ ನಿರ್ದೇಶಕರಾಗಿದ್ದು, 1986ರಿಂದ 1991ರವರೆಗೆ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತಿನ ಮಹಾನಿರ್ದೇಶಕರಾಗಿದ್ದರು. ಅಷ್ಟು ಎತ್ತರದ ಆಕಾಶವನ್ನು ನೋಡುತ್ತಿದ್ದವರು ಕೆಸರಿಗೆ ಇಳಿದದ್ದು ವಿಚಿತ್ರವಾಗಿ ತೋರಬಹುದು; ಆದರೆ ವಾಯುವನ್ನು ಅಳೆಯುವ ವಿದ್ಯೆ ಅವರ ಪ್ರಯೋಗಶಾಲೆಯಲ್ಲಿತ್ತು, ಗದ್ದೆಯನ್ನು ಬಲ್ಲವರು ಕೃಷಿಸಂಸ್ಥೆಗಳಲ್ಲಿದ್ದರು. ಒಂದು ಇಲಾಖೆಯವರು ಇನ್ನೊಂದು ಇಲಾಖೆಯ ಬಾಗಿಲನ್ನು ತಟ್ಟುವುದು ನಮ್ಮ ದೇಶದಲ್ಲಿ ಸುಲಭವಲ್ಲ. ಆದರೂ 1991ನೆಯ ಇಸವಿಯ ಮಳೆಗಾಲದ ಬೆಳೆಗೆ ಸರಿಯಾಗಿ, ಹಲವು ಪ್ರಯೋಗಶಾಲೆಗಳೂ ಕೃಷಿಸಂಸ್ಥೆಗಳೂ ವಿಶ್ವವಿದ್ಯಾನಿಲಯಗಳೂ ಕೂಡಿ ದೇಶದ ಮುಖ್ಯವಾದ ಬತ್ತದ ಸೀಮೆಗಳಲ್ಲಿ ಒಂದೇ ವಿಧಾನದಿಂದ ಅಳತೆ ಮಾಡಿದವು. ಈ ಕಾರ್ಯಕ್ಕೆ ಮಿಥೇನ್ ಅಭಿಯಾನವೆಂದು ಹೆಸರಾಯಿತು. ಅಳತೆಯ ಕೆಲಸದಲ್ಲಿ ಡಿ. ಸಿ. ಪರಾಶರ್ ಅವರು ಪ್ರಮುಖರಾಗಿದ್ದರು.

ಉಪಕರಣವೇನೋ ಸರಳವಾದದ್ದೇ. ಪಾರದರ್ಶಕವಾದ ತಳವಿಲ್ಲದ ಪೆಟ್ಟಿಗೆಯೊಂದನ್ನು ಕೆಲವು ಬತ್ತದ ಬುಡಗಳ ಮೇಲೆ ಬೋರಲು ಹಾಕಿ, ಅದರ ಅಂಚು ನೀರಿನಲ್ಲಿ ಮುಳುಗುವಂತೆ ಮಾಡುವುದು. ಒಳಗೆ ಕೂಡುತ್ತಿರುವ ಗಾಳಿಯನ್ನು ಇಷ್ಟಿಷ್ಟು ನಿಮಿಷಗಳಿಗೊಮ್ಮೆ ಪಿಚಕಾರಿಯಿಂದ ಎಳೆದುಕೊಳ್ಳುವುದು. ಪ್ರಯೋಗಶಾಲೆಗೆ ತಂದು ಮಿಥೇನನ್ನು ಬೇರ್ಪಡಿಸಿ ಅಳೆಯುವುದು. ನಾಟಿಯಿಂದ ಕೊಯ್ಲಿನವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಬಿಸಿಲಿನಲ್ಲಿ ಕೆಸರಿನೊಳಗೆ ನಿಂತು ಗಡಿಯಾರ ನೋಡುತ್ತ ಪಿಚಕಾರಿ ಎಳೆದ ಆ ತರುಣರ ಶ್ರಮವಿಲ್ಲದೆ ಈ ವಾದವು ತೀರುತ್ತಿರಲಿಲ್ಲ.

ಬಂದ ಮೊತ್ತವು ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹೊರಿಸಿದ್ದರ ಹತ್ತನೆಯ ಒಂದು ಪಾಲಿಗೆ ಕೊಂಚ ಹೆಚ್ಚು, ಅಷ್ಟೆ. ಹವಾಮಾನದ ವಿಷಯವಾಗಿ ಸರ್ಕಾರಗಳು ಕೂಡಿ ನೇಮಿಸಿದ ಅಂತರರಾಷ್ಟ್ರೀಯ ವಿದ್ವನ್ಮಂಡಲಿಯು 1990ರಲ್ಲಿ ಇಡೀ ಲೋಕದ ಗದ್ದೆಗಳಿಗೆ 11 ಕೋಟಿ ಟನ್ ಎಂದು ಹಾಕಿದ್ದ ಅಂಕಿಯನ್ನು, ಏಷ್ಯಾದಿಂದ ಬಂದ ಹೊಸ ಅಳತೆಗಳನ್ನು ಗಮನಿಸಿ, 1992ರಲ್ಲಿ 6 ಕೋಟಿಗೆ ಇಳಿಸಿತು.

ಮೊದಲಿನ ಲೆಕ್ಕದಲ್ಲಿ ದೋಷವೆಲ್ಲಿದ್ದಿತು? ಗುಣಾಕಾರದಲ್ಲಿ ಅಲ್ಲ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಅದು ಕೂಡಲೆ ಕಾಣುವುದು. ಧೂಮವಿರುವಲ್ಲಿ ಅಗ್ನಿಯುಂಟೆಂಬ ಅನುಮಾನವು ನಿರ್ದುಷ್ಟ. ಅಗ್ನಿಯಿರುವಲ್ಲೆಲ್ಲ ಧೂಮವುಂಟೆಂಬುದು ದುಷ್ಟ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿದ್ದರೂ ಹೊಗೆಯಿಲ್ಲ. ಹಸಿಯ ಕಟ್ಟಿಗೆ ಕೂಡಿದಲ್ಲಿ ಮಾತ್ರವೇ ಹೊಗೆ. ಆ ಹಸಿ ಕಟ್ಟಿಗೆಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಬತ್ತವಿದ್ದಲ್ಲೆಲ್ಲ ಮಿಥೇನ್ ಉಂಟೆಂಬ ಅನುಮಾನದಲ್ಲಿಯೂ ಇಂಥದೇ ಉಪಾಧಿಯೊಂದು ಅಡಗಿತ್ತು. ಅದು ನಿಂತ ನೀರು. ಗಾಳಿಯ ಸುಳಿವಿಲ್ಲದೆ ಬಹುದಿನ ಮುಳುಗಿದ್ದ ಮಣ್ಣಿನಲ್ಲಿ ಮಾತ್ರವೇ ಈ ವಾಯುವನ್ನು ಮಾಡುವ ಸೂಕ್ಷ್ಮಜೀವಿಗಳು ಪ್ರಬಲವಾಗುವುವು. ವೆರ್ಚೆಲ್ಲಿಯ ಗದ್ದೆಗಳಲ್ಲಿ ನೀರು ಸತತವಾಗಿ ನಿಂತಿದ್ದಿತು, ಮಣ್ಣಿನಲ್ಲಿ ಕೊಳೆಯುವ ಪದಾರ್ಥವೂ ಸಮೃದ್ಧವಾಗಿತ್ತು. ಭಾರತದ ಬತ್ತದ ಭೂಮಿಯಲ್ಲಿ ಸುಮಾರು ಅರ್ಧವು ಮಳೆಯನ್ನೇ ನಂಬಿದ್ದು. ಹುಲ್ಲು ದನಗಳ ಪಾಲಾಗಿ ಮಣ್ಣಿನಲ್ಲಿ ಕೊಳೆಯುವುದು ಸ್ವಲ್ಪ. ಮಳೆ ತಡೆದರೆ ಗದ್ದೆ ಬಿರಿಯುವುದು. ರೈತನಿಗೆ ಯಾವುದು ಕಷ್ಟವೋ ಅದೇ ಇಲ್ಲಿ ಅವನಿಗೆ ಸಾಕ್ಷಿಯಾಗಿ ಬಂದಿತು!

ಗದ್ದೆ ಗದ್ದೆಗೂ ನೀರಿನ ಭೇದವುಂಟೆಂಬುದು ನಮ್ಮ ಕರಾವಳಿಯ ಒಕ್ಕಲಿಗೆ ಹೊಸ ಮಾತಲ್ಲ. ಅಲ್ಲಿ ತಗ್ಗಿನಲ್ಲಿ ಸದಾ ತೇವವಿರುವುದು ಬೈಲು, ನಡುವಣದು ಮಜಲು, ಮಳೆಯನ್ನೇ ನೆಚ್ಚಿದ ಎತ್ತರದ್ದು ಬೆಟ್ಟು. 1996ರಲ್ಲಿ ಮೇಲೆ ಹೇಳಿದ ವಿದ್ವನ್ಮಂಡಲಿಯು ಎಲ್ಲ ರಾಷ್ಟ್ರಗಳಿಗಾಗಿ ಪ್ರಕಟಿಸಿದ ಕೋಷ್ಟಕವು ಇದನ್ನೇ ಅಂಕಿಗಳಲ್ಲಿ ಹೇಳಿತು. ನೀರು ಸತತವಾಗಿ ನಿಂತ ಗದ್ದೆಗೆ 1 ಎಂದು ಹಿಡಿದರೆ, ನಡುವೆ ಒಮ್ಮೆ ಒಣಗಿಸಿದ್ದಕ್ಕೆ 0.5, ಹಲವು ಸಲ ಒಣಗಿಸಿದ್ದಕ್ಕೆ 0.2, ಮಳೆಯಾಧಾರದಲ್ಲಿ ಬರಕ್ಕೆ ಸಿಕ್ಕುವ ಗದ್ದೆಗೆ 0.4, ನೀರು ನಿಲ್ಲದ ಮೇಲ್ನೆಲಕ್ಕೆ ಸೊನ್ನೆ. ಮುಂದೆ 2006ರ ಪರಿಷ್ಕರಣದಲ್ಲಿ ಒಣಗಿಸಿದ ಗದ್ದೆಗಳ ಅಂಕಿಗಳು ಏರಿ ಅರ್ಧದ ಆಸುಪಾಸಿಗೆ ಬಂದವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ಕೋಷ್ಟಕದ ಇನ್ನೊಂದು ಮುಖವನ್ನು ನೋಡದೆ ಇರುವಂತಿಲ್ಲ. ಆರೋಪವನ್ನು ನಿರಾಕರಿಸಲು ಹೊರಟವರಿಗೆ ಪರಿಹಾರವೂ ಅದೇ ದಾರಿಯಲ್ಲಿ ದೊರೆಯಿತು. ಮಳೆ ಕೈಕೊಟ್ಟು ಒಣಗಿದ ಗದ್ದೆಯಲ್ಲಿ ಮಿಥೇನ್ ಕುಗ್ಗುವುದಾದರೆ, ಬೇಕೆಂದೇ ಹದವರಿತು ಒಣಗಿಸಿದ ಗದ್ದೆಯಲ್ಲಿಯೂ ಕುಗ್ಗಬೇಕಷ್ಟೆ. ಜಪಾನಿನ ರೈತರು ಬೇಸಗೆಯ ನಡುವೆ ಕೆಲವು ದಿನ ಗದ್ದೆಯ ನೀರನ್ನು ಬಿಟ್ಟು ಬೇರನ್ನು ಗಟ್ಟಿಮಾಡುವ ಪದ್ಧತಿಯನ್ನು ಮೊದಲಿನಿಂದಲೂ ಇಟ್ಟುಕೊಂಡಿದ್ದರು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯು 1993ರಿಂದ 1999ರವರೆಗೆ ಚೀನಾ, ಭಾರತ, ಇಂಡೋನೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್ ಈ ಐದು ದೇಶಗಳ ಸಂಸ್ಥೆಗಳನ್ನೂ ಜರ್ಮನಿಯ ವಿದ್ವಾಂಸರನ್ನೂ ಕೂಡಿಸಿ, ಎಂಟು ಕೇಂದ್ರಗಳಲ್ಲಿ ತಾನಾಗಿ ತೆರೆದು ಮುಚ್ಚುವ ಪೆಟ್ಟಿಗೆಗಳನ್ನಿಟ್ಟು ಹಗಲಿರುಳೂ ಅಳೆಯಿಸಿತು. ಭಾರತದಲ್ಲಿ ದೆಹಲಿಯೂ ಕಟಕವೂ ಕೇಂದ್ರಗಳು. ನೀರು ಬೇಗನೆ ಇಂಗಿಹೋಗುವ ದೆಹಲಿಯ ನೆಲದಲ್ಲಿ ಮಿಥೇನ್ ತೀರ ಅಲ್ಪವೆಂದು ಆಗಲೂ ಕಂಡುಬಂದುದರಿಂದ, 1991ರ ಅಳತೆಯು ಸ್ವಪಕ್ಷಪಾತದ್ದೆಂಬ ಸಂಶಯಕ್ಕೆ ಆಸ್ಪದ ಉಳಿಯಲಿಲ್ಲ. ನಡುವೆ ನೀರು ಬಿಟ್ಟು ಒಣಗಿಸಿದರೆ ಹೊರಡುವ ವಾಯು ಬಹಳವಾಗಿ ತಗ್ಗುವುದೆಂದೂ, ಹಸಿಯ ಹುಲ್ಲಿಗೆ ಬದಲು ಚೆನ್ನಾಗಿ ಕಳಿತ ಗೊಬ್ಬರವನ್ನು ಹಾಕಿದರೆ ಇನ್ನಷ್ಟು ಇಳಿಯುವುದೆಂದೂ ಈ ಕೂಡುಗೆಲಸದಿಂದ ಸ್ಥಿರಪಟ್ಟಿತು. ಹಾಗೆಂದು ಮಿತಿಮೀರಿ ಒಣಗಿಸಬಾರದು. ಒಣಗುವ ನೆಲದಲ್ಲಿ ಯೂರಿಯಾ ಮೊದಲಾದ ಗೊಬ್ಬರಗಳಿಂದ ನೈಟ್ರಸ್ ಆಕ್ಸೈಡ್ ಎಂಬ, ಮಿಥೇನಿಗಿಂತಲೂ ಬಹುಮಡಿ ಪ್ರಬಲವಾದ ವಾಯುವು ಏಳುವುದು. ತೂತುಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ನೆಲದ ಮಟ್ಟದಿಂದ 15 ಸೆಂಟಿಮೀಟರ್ ಇಳಿದಾಗ ಮರಳಿ ಹಾಯಿಸುವ ಉಪಾಯವನ್ನು ಆ ಸಂಸ್ಥೆಯವರು ಮುಂದೆ ಬಳಕೆಗೆ ತಂದರು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ತಪ್ಪಿಸಕೂಡದು.

2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ ನಗರದಲ್ಲಿ ನ್ಯೂಜಿಲೆಂಡ್ ದೇಶದವರು ಮುಂದಾಗಿ, ಬೇಸಾಯದಿಂದ ಹೊರಡುವ ಇಂಥ ವಾಯುಗಳ ಸಂಶೋಧನೆಗೆ ರಾಷ್ಟ್ರಗಳ ಕೂಟವೊಂದನ್ನು ಏರ್ಪಡಿಸಿದರು. ಅದರ ನಿಬಂಧನೆಗಳಿಗೆ 2011ರಲ್ಲಿ ರೋಮಿನಲ್ಲಿ ಸಹಿಗಳಾದವು. ಅದರಲ್ಲಿ ದನಕರುಗಳಿಗೊಂದು, ಒಣಬೇಸಾಯದ ಬೆಳೆಗಳಿಗೊಂದು, ಬತ್ತಕ್ಕೊಂದು ಎಂದು ಬೇರೆ ಬೇರೆ ಮಂಡಲಿಗಳು ಹುಟ್ಟಿದವು. 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಿಥೇನನ್ನು 2030ರೊಳಗೆ ನೂರಕ್ಕೆ ಮೂವತ್ತು ಪಾಲು ತಗ್ಗಿಸುವ ಪ್ರತಿಜ್ಞೆಗೆ ಅನೇಕ ರಾಷ್ಟ್ರಗಳು ಒಪ್ಪಿದಾಗ ಭಾರತವು ಅದಕ್ಕೆ ಸೇರಲಿಲ್ಲ. ಮೂವತ್ತು ವರ್ಷ ಹಿಂದಿನ ಆ 3 ಕೋಟಿ 78 ಲಕ್ಷದ ನೆನಪು ದೆಹಲಿಯಲ್ಲಿ ಆರಿರಲಾರದು.

ಉಳಿದಿರುವುದು ಅಳತೆಯ ಪ್ರಶ್ನೆಯಲ್ಲ, ನೀರಿನ ಒಡೆತನದ್ದು. ಗದ್ದೆಯನ್ನು ಒಣಗಿಸಬೇಕಾದವನಿಗೆ ಮರಳಿ ಬೇಕೆಂದಾಗ ನೀರು ಬರುವುದೆಂಬ ಭರವಸೆಯಿರಬೇಕು. ದೊಡ್ಡ ಕಾಲುವೆಗಳ ಕೆಳಗೆ ಆ ಭರವಸೆಯಿಲ್ಲ. ತುಂಗಭದ್ರೆಯ ಕಾಲುವೆಯಾಗಲಿ, ಭದ್ರೆಯದಾಗಲಿ, ಮೇಲಿನ ಭಾಗದವರ ಮಡಿಗಳಲ್ಲಿ ನೀರು ತುಂಬಿ ನಿಂತಿರುವಾಗ ಕೊನೆಯ ಭಾಗದವರು ಸರದಿಗಾಗಿ ಕಾಯುತ್ತಿರುವುದು ಪ್ರಸಿದ್ಧವಾದ ವಿಷಯ. ನಾಳೆ ಬಾರದೆಂಬ ಅಂಜಿಕೆಯಿಂದ ಇಂದು ಬಂದ ನೀರನ್ನು ಕಟ್ಟಿ ನಿಲ್ಲಿಸುವವನನ್ನು ಮೂಢನೆನ್ನುವಂತಿಲ್ಲ. ಕೆಸರು ಮಾಡದೆಯೇ ಬೆಳೆಯುವ ಬತ್ತದ ತಳಿಯೊಂದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಹೊರತಂದದ್ದು ಈ ಕಷ್ಟಕ್ಕೆ ಒಂದು ದಾರಿ. ಇನ್ನೊಂದು ದಾರಿಯನ್ನು ನಮ್ಮ ಕೆರೆಯ ಹಳ್ಳಿಗಳು ಹಿಂದೆ ಬಲ್ಲವಾಗಿದ್ದವು. ಅಲ್ಲಿ ನೀರಗಂಟಿಯೆಂಬವನು ತೂಬನ್ನು ಎತ್ತಿ ಇಳಿಸಿ, ಒಂದೊಂದು ಗದ್ದೆಗೂ ಸರದಿಯಂತೆ ನೀರು ಬಿಟ್ಟು, ಸಾಕೆನಿಸಿದ ಕೂಡಲೆ ಮುಂದಿನದಕ್ಕೆ ತಿರುಗಿಸುತ್ತಿದ್ದನು. ಅವನ ಕೂಲಿಯು ಕಣದಲ್ಲಿ ಬತ್ತವಾಗಿ ಸಲ್ಲುತ್ತಿದ್ದಿತು.