ಪಾಲಿಮರ್ ಮಿಶ್ರಣಗಳು: ಬೆರೆಯುವ ಗುಣ ಮತ್ತು ಉಷ್ಣಗುಣ

ಎರಡು ಅಥವಾ ಹೆಚ್ಚು ಪಾಲಿಮರ್‌ಗಳನ್ನು ಕರಗಿಸಿ ಕಲಸಿದರೆ ಸಿಗುವುದು ಪಾಲಿಮರ್ ಮಿಶ್ರಣ. ಆದರೆ ಕಲಸಿದ್ದೆಲ್ಲ ಅಣುಮಟ್ಟದಲ್ಲಿ ಬೆರೆಯುವುದಿಲ್ಲ. ಬೆರೆತಿದೆಯೋ ಇಲ್ಲವೋ ಎಂಬುದು ಮಿಶ್ರಣವನ್ನು ಕಾಯಿಸಿದಾಗ ಬಯಲಾಗುತ್ತದೆ.

ಏಕೆ ಬೆರೆಯುವುದಿಲ್ಲ?

ಬಿಡಿ ಮಲ್ಲಿಗೆ, ಕನಕಾಂಬರಗಳನ್ನು ಬುಟ್ಟಿಗೆ ಸುರಿದು ಕುಲುಕಿದರೆ ಸಲೀಸಾಗಿ ಬೆರೆಯುತ್ತವೆ. ಅದೇ ಹೂಗಳನ್ನು ಮಾರುಗಟ್ಟಲೆ ಕಟ್ಟಿ ಹಾಕಿದರೆ ಬೆರೆಯುವ ಬಗೆಗಳು ತೀರಾ ಕಡಿಮೆ. ಪಾಲಿಮರ್ ಸರಪಳಿಗಳ ಪಾಡೂ ಇದೇ. ಬೆರಕೆಯಿಂದ ಹೆಚ್ಚುವ ಎಂಟ್ರೋಪಿ, ಅಂದರೆ ಅಣುಗಳು ಹರಡಿಕೊಳ್ಳಬಲ್ಲ ಬಗೆಗಳ ಅಳತೆ, ಅತ್ಯಲ್ಪವಾದ್ದರಿಂದ, ಎರಡರ ನಡುವೆ ಆಕರ್ಷಣೆ ಇದ್ದರೆ ಮಾತ್ರ ಅವು ಕೂಡುತ್ತವೆ. 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಈ ಲೆಕ್ಕಕ್ಕೆ ಸೂತ್ರ ಕೊಟ್ಟರು.

ಒಂದು ಮೆಟ್ಟಿಲೋ ಎರಡೋ?

ಗಾಜಿನಂತೆ ಗಡುಸಾದ ಪಾಲಿಮರ್ ರಬ್ಬರಿನಂತೆ ಮೆದುವಾಗುವ ತಾಪಮಾನಕ್ಕೆ ಗಾಜು ಸಂಕ್ರಮಣ ತಾಪಮಾನ ಎನ್ನುತ್ತಾರೆ. ಇದನ್ನು ಅಳೆಯುವ ಸಾಮಾನ್ಯ ಉಪಕರಣ ಡಿಎಸ್‌ಸಿ (ಡಿಫರೆನ್ಶಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್). ಕೆಲವೇ ಮಿಲಿಗ್ರಾಂ ಮಾದರಿಯನ್ನು ಪುಟ್ಟ ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು, ಪಕ್ಕದಲ್ಲಿ ಖಾಲಿ ಬಟ್ಟಲಿಟ್ಟು, ಎರಡನ್ನೂ ಸಾಮಾನ್ಯವಾಗಿ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುತ್ತಾರೆ. ಎರಡು ಬಟ್ಟಲುಗಳು ಹೀರುವ ಶಾಖದ ವ್ಯತ್ಯಾಸವನ್ನು ರೇಖೆಯಾಗಿ ಬಿಡಿಸಿದಾಗ ಪ್ರತಿ ಗಾಜು ಸಂಕ್ರಮಣವೂ ಒಂದು ಮೆಟ್ಟಿಲಾಗಿ ಕಾಣುತ್ತದೆ. ಒಂದೇ ಮೆಟ್ಟಿಲು ಕಂಡರೆ ಬೆರೆತಿವೆ ಎಂದರ್ಥ; ಎರಡು ಕಂಡರೆ ಬೇರೆಬೇರೆಯಾಗಿಯೇ ಉಳಿದಿವೆ. ಎರಡರ ಸಂಕ್ರಮಣ ತಾಪಮಾನಗಳು ತೀರಾ ಹತ್ತಿರವಿದ್ದರೆ ಮಾತ್ರ ಈ ಪರೀಕ್ಷೆ ನಂಬಿಕೆಗೆ ಸಾಲದು.

ಕೂಡಿ ಬಾಳಿದ ಜೋಡಿ

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅಲನ್ ಹೇ 1956ರಲ್ಲಿ ಪಾಲಿಫಿನೈಲಿನ್ ಆಕ್ಸೈಡ್ ತಯಾರಿಸುವ ದಾರಿ ಕಂಡುಕೊಂಡರು. ಅದರ ಸಂಕ್ರಮಣ ತಾಪಮಾನ ಸುಮಾರು 210 ಡಿಗ್ರಿ ಸೆಲ್ಸಿಯಸ್. ಶಾಖಕ್ಕೆ ಬಗ್ಗದ ಈ ಗುಣವೇ ಅಚ್ಚು ಹಾಕುವವರಿಗೆ ತಲೆನೋವಾಯಿತು. ಸುಮಾರು 100 ಡಿಗ್ರಿಗೆ ಮೆದುವಾಗುವ ಪಾಲಿಸ್ಟೈರೀನ್ ಸೇರಿಸಿದಾಗ ಎರಡೂ ಯಾವ ಪ್ರಮಾಣದಲ್ಲಾದರೂ ಬೆರೆತವು. ಸಮತೂಕದಲ್ಲಿ ಕಲಸಿದರೆ, ಮಿಶ್ರಣದ ಸಂಕ್ರಮಣ ತಾಪಮಾನವನ್ನು ಅಂದಾಜಿಸುವ ಫಾಕ್ಸ್ ಸಮೀಕರಣದ ಪ್ರಕಾರ, ಸಂಕ್ರಮಣ ಸುಮಾರು 150 ಡಿಗ್ರಿಗೆ ಬರುತ್ತದೆ. 1960ರ ದಶಕದಲ್ಲಿ ಈ ಮಿಶ್ರಣ 'ನೋರಿಲ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಕಾಯಿಸಿದರೆ ಬೇರೆಯಾಗುವವು

ಸಾಮಾನ್ಯವಾಗಿ ಬಿಸಿ ಮಾಡಿದರೆ ಕರಗುವಿಕೆ ಹೆಚ್ಚುತ್ತದೆ. ಕೆಲವು ಪಾಲಿಮರ್ ಜೋಡಿಗಳದ್ದು ತಿರುಗುಮುರುಗು. ಪಾಲಿಸ್ಟೈರೀನ್ ಮತ್ತು ಪಾಲಿವಿನೈಲ್ ಮೀಥೈಲ್ ಈಥರ್ ಸೇರಿದ ಪಾರದರ್ಶಕ ಹಾಳೆ, ಒಂದು ಮಿತಿ ದಾಟಿ ಕಾಯಿಸಿದಾಗ, ಹಾಲಿನಂತೆ ಬೆಳ್ಳಗಾಗುತ್ತದೆ. ಬೇರ್ಪಟ್ಟ ಕಣಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ.

ಬೆರೆಯದಿದ್ದರೂ ಬೆಲೆಯುಂಟು

ಬೆರೆಯದ ಮಿಶ್ರಣವೆಲ್ಲ ವ್ಯರ್ಥವಲ್ಲ. ಪಟ್ಟನೆ ಒಡೆಯುವ ಪಾಲಿಸ್ಟೈರೀನಿನೊಳಗೆ ಬೇರೆಯಾಗಿಯೇ ಉಳಿಯುವ ರಬ್ಬರ್ ಕಣಗಳು ಅದನ್ನು ಪೆಟ್ಟು ತಾಳುವ ವಸ್ತುವಾಗಿಸುತ್ತವೆ. ಆದರೆ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳನ್ನು ಹಾಗೇ ಕಲಸಿದರೆ ಎರಡರ ಅಂಚುಗಳ ಹಿಡಿತ ಸಡಿಲ. ವಸ್ತು ಬೇಗ ಮುರಿಯುತ್ತದೆ. ಡಿಎಸ್‌ಸಿಯಲ್ಲೂ ಸುಮಾರು 130 ಮತ್ತು 165 ಡಿಗ್ರಿಗಳಲ್ಲಿ ಎರಡು ಕರಗುವ ಶಿಖರಗಳು ಪ್ರತ್ಯೇಕವಾಗಿ ಕಾಣುತ್ತವೆ. ಇವನ್ನು ಬೆಸೆಯಲು ಎರಡಕ್ಕೂ ಹೊಂದುವ ಮೂರನೆಯ ಪಾಲಿಮರ್ ಬೇಕು. ಡಬ್ಬಿಗಳ ತಳದ ತ್ರಿಕೋನದಲ್ಲಿ ಗಟ್ಟಿ ಪಾಲಿಥೀನಿಗೆ 2, ಪಾಲಿಪ್ರೊಪಿಲೀನಿಗೆ 5 ಎಂದು ಬೇರೆಬೇರೆ ಅಂಕಿ ಇರುವುದು ಮರುಬಳಕೆಗೆ ಮುನ್ನ ಅವನ್ನು ವಿಂಗಡಿಸಲೆಂದೇ.