ಮಲಗಿದವರ ಮೈಮೇಲೆ ಇಷ್ಟೊಂದು ತಂತಿ ಏಕೆ?

ಗೊರಕೆ ಹೊಡೆಯುವವರನ್ನು ಕಂಡು ನಗುವುದು ನಮ್ಮಲ್ಲಿ ಹಳೆಯ ರೂಢಿ. ಮನೆಯಲ್ಲಿ ಅಂಥವರೊಬ್ಬರಿದ್ದರೆ ಅವರಿಗೆ ಕುಂಭಕರ್ಣನ ಹೆಸರು ಖಾಯಂ. ಅವರೇ ಹಗಲು ಹೊತ್ತಿನಲ್ಲಿ ಕುರ್ಚಿಯಲ್ಲಿ ಕುಳಿತಲ್ಲೇ ತೂಕಡಿಸಿದರೆ ಸೋಮಾರಿ ಎಂಬ ಬಿರುದೂ ಸೇರುತ್ತದೆ. ಇಂಥವರಿಗೆ ಈಗ ವೈದ್ಯರು ಹೇಳುವುದು, ಒಂದು ರಾತ್ರಿ ಆಸ್ಪತ್ರೆಗೆ ಬಂದು ಮಲಗಿ ಎಂದು. ಈ ನಿದ್ರಾ ಪರೀಕ್ಷೆಯ ಶಾಸ್ತ್ರೀಯ ಹೆಸರು ಪಾಲಿಸೋಮ್ನೋಗ್ರಫಿ.

ಊಟ ಮುಗಿಸಿ ಹೋದವರ ತಲೆಗೆ ತಂತ್ರಜ್ಞರು ಅಂಟು ಹಚ್ಚಿ ತಂತಿಗಳನ್ನು ಕೂರಿಸುತ್ತಾರೆ. ಕಣ್ಣುಗಳ ಪಕ್ಕದಲ್ಲಿ, ಗದ್ದದ ಮೇಲೆ, ಕಾಲುಗಳ ಮೇಲೆ ಇನ್ನಷ್ಟು. ಎದೆಗೊಂದು, ಹೊಟ್ಟೆಗೊಂದು ಪಟ್ಟಿ. ಮೂಗಿನ ಬಳಿ ಸಣ್ಣ ಕೊಳವೆ, ಬೆರಳಿಗೆ ಕ್ಲಿಪ್ಪು. ದೀಪ ಆರಿದ ಮೇಲೆ ಪಕ್ಕದ ಕೋಣೆಯಲ್ಲಿ ಒಬ್ಬರು ಬೆಳಗಿನವರೆಗೂ ಪರದೆ ನೋಡುತ್ತ ಕೂರುತ್ತಾರೆ. ಇಷ್ಟನ್ನೆಲ್ಲ ಕಟ್ಟಿಕೊಂಡರೆ ನಿದ್ದೆ ಬರುತ್ತದೆಯೇ? ಬರುತ್ತದೆ, ಆದರೆ ಮನೆಯಲ್ಲಿ ಬಂದಷ್ಟು ಚೆನ್ನಾಗಿ ಅಲ್ಲ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಕೆಡುತ್ತದೆ ಎಂಬುದನ್ನು ಸಂಶೋಧಕರು 1966ರಲ್ಲೇ ಅಳೆದು ತೋರಿಸಿದ್ದಾರೆ.

ಈ ತಂತಿಗಳೆಲ್ಲ ಒಟ್ಟಿಗೇ ಬಂದವಲ್ಲ. ಒಂದೊಂದಾಗಿ ಸೇರುತ್ತ ಹೋದವು. ಯಾವುದಕ್ಕೆ ಇನ್ನೂ ತಂತಿ ಹಚ್ಚಿರಲಿಲ್ಲವೋ ಅದು ಎದುರಿಗೇ ನಡೆಯುತ್ತಿದ್ದರೂ ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ.

ಮೊದಲು ಬಂದದ್ದು ತಲೆಯ ತಂತಿ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದರು. ಅದೇ ಉಪಾಯದಿಂದ ಅಮೆರಿಕದ ಸಿರಿವಂತ ಆಲ್ಫ್ರೆಡ್ ಲೂಮಿಸ್ ನ್ಯೂಯಾರ್ಕ್ ಬಳಿಯ ಟಕ್ಸೀಡೊ ಪಾರ್ಕ್‌ನ ತಮ್ಮ ಖಾಸಗಿ ಪ್ರಯೋಗಾಲಯದಲ್ಲಿ ಜನರನ್ನು ಮಲಗಿಸಿ, ನಿದ್ರೆಗೆ ಐದು ಹಂತಗಳಿವೆ ಎಂದು 1937ರಲ್ಲಿ ವಿಂಗಡಿಸಿದರು. ಆದರೆ ಕನಸಿನ ನಿದ್ರೆ ಪ್ರತ್ಯೇಕ ಬಗೆಯದು ಎಂಬುದು ಅವರ ಕೈಗೂ ತಪ್ಪಿಹೋಯಿತು. ಅದರ ಗುರುತು ಇದ್ದದ್ದು ಕಣ್ಣಿನಲ್ಲಿ.

ಆ ಗುರುತು ಸಿಕ್ಕಿದ್ದು ಷಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯೂಜಿನ್ ಅಸೆರಿನ್‌ಸ್ಕಿಗೆ. ಮೂಲೆ ಸೇರಿದ್ದ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿಕೊಂಡು 1951ರ ಕೊನೆಯಲ್ಲಿ ಅವರು ತಂತಿ ಅಂಟಿಸಿದ್ದು ತಮ್ಮ ಎಂಟು ವರ್ಷದ ಮಗನಿಗೇ. ಹುಡುಗ ಗಾಢ ನಿದ್ರೆಯಲ್ಲಿದ್ದಾಗ ಯಂತ್ರದ ಲೇಖನಿಗಳು ಇದ್ದಕ್ಕಿದ್ದಂತೆ ಕುಣಿಯತೊಡಗಿದವು. ಯಂತ್ರವೇ ಕೆಟ್ಟಿದೆ ಎಂದು ಶಂಕಿಸಿದರು. ಆದರೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ನಿಜವಾಗಿ ಓಡಾಡುತ್ತಿದ್ದವು. ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ 1953ರಲ್ಲಿ ಪ್ರಕಟಿಸಿದ ಪ್ರಬಂಧದಿಂದ 'ರೆಮ್' ನಿದ್ರೆ ಲೋಕಕ್ಕೆ ತಿಳಿಯಿತು. ಜಾಗೃತ್, ಸ್ವಪ್ನ, ಸುಷುಪ್ತಿ ಎಂದು ಮಾಂಡೂಕ್ಯ ಉಪನಿಷತ್ತು ಎಂದೋ ಎಣಿಸಿಲ್ಲವೇ ಎನ್ನುವವರಿದ್ದಾರೆ. ಅದು ಒಳಗಿನ ಅನುಭವದ ವಿಂಗಡಣೆ. ಇದು ಕಾಗದದ ಮೇಲೆ ಬಿದ್ದ ಗೀಟು. ಎರಡನ್ನೂ ಒಂದೇ ಎಂದುಬಿಟ್ಟರೆ ಎರಡಕ್ಕೂ ನ್ಯಾಯವಾಗದು.

ಕನಸಿನ ನಿದ್ರೆಯಲ್ಲಿ ದೇಹದ ಬಹುತೇಕ ಸ್ನಾಯುಗಳು ಸಡಿಲಾಗುತ್ತವೆ ಎಂದು 1959ರಲ್ಲಿ ಫ್ರಾನ್ಸಿನ ಮಿಷೆಲ್ ಜೂವೆ ಬೆಕ್ಕುಗಳಲ್ಲಿ ತೋರಿಸಿದರು. ಗದ್ದದ ತಂತಿ ಇಂದು ನೋಡುವುದು ಇದನ್ನೇ.

ಇಷ್ಟೆಲ್ಲ ಆದರೂ ಗೊರಕೆಯವರ ಸಂಕಟ ಕತ್ತಲಲ್ಲೇ ಉಳಿದಿತ್ತು. 1956ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ಸ್ಥೂಲಕಾಯದ ವ್ಯಾಪಾರಿಯ ವಿಚಾರ ಬರೆದರು. ಆತ ಇಸ್ಪೀಟಾಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ನಿದ್ದೆಹೋಗಿ ಆಟ ಕಳೆದುಕೊಂಡವನು! ಚಾರ್ಲ್ಸ್ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ನಿಂತಲ್ಲೇ ನಿದ್ರಿಸುವ ದಪ್ಪ ಹುಡುಗ ಜೋನ ನೆನಪಿನಲ್ಲಿ ಈ ಕಾಯಿಲೆಗೆ ಪಿಕ್‌ವಿಕ್ ಹೆಸರಿಟ್ಟರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದೇ ತೂಕಡಿಕೆಗೆ ಕಾರಣ ಎಂದುಕೊಂಡರು. ಹಗಲು ನಿದ್ದೆ ಬರುವವನು ರಾತ್ರಿ ಹೇಗೆ ಮಲಗುತ್ತಾನೆ ಎಂದು ನೋಡುವುದು ಮಾತ್ರ ಬಾಕಿಯಿತ್ತು. ಇಂದು ಓದಿದರೆ ಸೋಜಿಗವೆನಿಸುತ್ತದೆ.

1965ರಲ್ಲಿ ಫ್ರಾನ್ಸಿನ ಆನ್ರಿ ಗಾಸ್ತೋ ತಂಡ ಮತ್ತು ಜರ್ಮನಿಯ ಯುಂಗ್, ಕೂಲೋ ಎಂಬಿಬ್ಬರು, ಬೇರೆ ಬೇರೆಯಾಗಿ, ಇಂಥ ರೋಗಿಗಳ ಮೆದುಳಿನ ಅಲೆಗಳ ಜೊತೆ ಉಸಿರನ್ನೂ ದಾಖಲಿಸಿದರು. ಉತ್ತರ ಅಲ್ಲಿತ್ತು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಎದೆ ಹೊಟ್ಟೆಗಳು ಒದ್ದಾಡುತ್ತಿದ್ದರೂ ಗಂಟಲು ಮುಚ್ಚಿ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಮೆದುಳು ಕ್ಷಣಕಾಲ ಎಚ್ಚೆತ್ತು, ದೊಡ್ಡ ಗೊರಕೆಯೊಡನೆ ಉಸಿರು ಮರಳಿ, ಮತ್ತೆ ಅದೇ ಕತೆ. ಬೆಳಿಗ್ಗೆ ರೋಗಿಗೆ ಇದಾವುದರ ನೆನಪೂ ಇಲ್ಲ. ಸೋಮಾರಿ ಎನ್ನಿಸಿಕೊಂಡವನು ರಾತ್ರಿಯಿಡೀ ಉಸಿರಿಗಾಗಿ ಹೆಣಗಿದವನು!

ಇಂದಿನ ಲೆಕ್ಕದಲ್ಲಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದು 'ಆಪ್ನಿಯ'. ಪೂರಾ ನಿಲ್ಲದೆ ತೀರ ಕುಗ್ಗಿದ್ದನ್ನೂ ಸೇರಿಸಿ ಗಂಟೆಗೆ 30 ಸಲ ದಾಟಿದರೆ ತೀವ್ರ ಎನ್ನುತ್ತಾರೆ. ರಕ್ತದೊತ್ತಡ ಏರುತ್ತದೆ. ವಾಹನ ಓಡಿಸುವವರಾದರೆ ಸ್ಟೀರಿಂಗ್ ಮೇಲೆಯೇ ಕಣ್ಣು ಮುಚ್ಚೀತು. ಮೊದಮೊದಲು ತೀವ್ರ ರೋಗಿಗಳಿಗೆ ಇದ್ದ ದಾರಿ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಿಗೆ ಎಡೆ ಮಾಡುವುದು. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮೂಗಿನ ಮೂಲಕ ಗಾಳಿಯನ್ನು ಒತ್ತಡದಿಂದ ಬಿಟ್ಟು ಗಂಟಲು ಮುಚ್ಚದಂತೆ ಮಾಡಿದರು. ಐವರು ರೋಗಿಗಳ ಮೇಲಿನ ಆ ಪ್ರಯೋಗ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸೀಪ್ಯಾಪ್ ಯಂತ್ರದ ಮೂಲ ಅದು.

ಬೆರಳಿನ ಕ್ಲಿಪ್ಪನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ್ದೇವೆ. ರಕ್ತದ ಆಮ್ಲಜನಕವನ್ನು ನಾಡಿಯ ಮಿಡಿತದಿಂದ ತಿಳಿಯುವ ಅದರ ತತ್ತ್ವವನ್ನು 1974ರಲ್ಲಿ ಮಂಡಿಸಿದವರು ಜಪಾನಿನ ತಕುವೊ ಅಯೊಯಾಗಿ.

ಹಿಂದೆ ಇದೆಲ್ಲ ಕಾಗದದ ಮೇಲೆ ನಡೆಯುತ್ತಿತ್ತು. ಸೆಕೆಂಡಿಗೆ ಒಂದು ಸೆಂಟಿಮೀಟರ್ ಓಡಿಸಿದರೂ ಎಂಟು ಗಂಟೆಗೆ 288 ಮೀಟರ್ ಕಾಗದ. 30 ಸೆಂಟಿಮೀಟರಿನ ಒಂದು ಹಾಳೆಗೆ 30 ಸೆಕೆಂಡು. ಈಗ ಕಾಗದ ಹೋಗಿ ಕಂಪ್ಯೂಟರ್ ಬಂದಿದೆ, ಆದರೂ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿಯೇ ಓದುತ್ತಾರೆ.

ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರಗಳೂ ಬಂದಿವೆ. ಖರ್ಚು ಕಡಿಮೆ, ಹಾಸಿಗೆಯೂ ನಮ್ಮದೇ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ತಲೆಯ ತಂತಿ ಇಲ್ಲ. ಎಚ್ಚರವಾಗಿ ಹೊರಳಾಡಿದ ಹೊತ್ತೂ ನಿದ್ರೆಯ ಲೆಕ್ಕಕ್ಕೇ ಸೇರಿ ಉಸಿರು ನಿಂತ ಸರಾಸರಿ ಕಡಿಮೆ ಕಾಣಬಹುದು. ಆದ್ದರಿಂದ ಅಂಥ ವರದಿಯಲ್ಲಿ ಏನೂ ಇಲ್ಲವೆಂದು ಬಂದು, ತೂಕಡಿಕೆ ಮಾತ್ರ ಹಾಗೆಯೇ ಇದ್ದರೆ, ವೈದ್ಯರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಿ ಎನ್ನುತ್ತಾರೆ.