ಕಡಲೆಕಾಯಿ ಪರಿಷೆ: ಕಥೆಯೂ ಚರಿತ್ರೆಯೂ

ಚೀನೀಯರು ತಮ್ಮ ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯಂದು ಬಂಧುಗಳೊಡನೆ ಕಲೆತು, ದುಂಡನೆಯ ಸಿಹಿಭಕ್ಷ್ಯ ಹಂಚಿಕೊಂಡು, ಸುಗ್ಗಿಯ ಚಂದ್ರನಿಗೆ ಕೈಮುಗಿಯುವ ಸಂಪ್ರದಾಯವುಂಟು. ಅಂಥದೇ ಕೃತಜ್ಞತೆಯ ಹಬ್ಬ ನಮ್ಮ ಬಸವನಗುಡಿಯಲ್ಲೂ ಇದೆ. ಅದು ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ.

ಐತಿಹ್ಯ ನಿಮಗೆಲ್ಲ ತಿಳಿದದ್ದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಗ್ರಾಮಗಳ ಹೊಲಗಳಿಗೆ ಬಸವನು ನುಗ್ಗಿ ಕಡಲೆಕಾಯಿ ಮೇಯುತ್ತಿದ್ದನಂತೆ. ರೈತರು ಅಟ್ಟಿಸಿಕೊಂಡು ಹೋದಾಗ ಗುಡ್ಡದ ಮೇಲೆ ಕಲ್ಲಾದನಂತೆ. ಬೆದರಿದ ಅವರು ಮೊದಲ ಫಸಲನ್ನು ಅವನಿಗೇ ಒಪ್ಪಿಸುವ ಹರಕೆ ಹೊತ್ತರು. ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರತೀತಿ.

"ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆಯಲ್ಲವೇ ಸಾರ್?" ಎಂದು ತರಗತಿಯಲ್ಲಿ ಕೇಳಿದವರಿದ್ದೀರಿ. ನಿಜ. ಅದು ಯುರೋಪಿನವರ ಹಡಗುಗಳ ಕಾಲದಲ್ಲಿ ಕಡಲು ದಾಟಿದ ಬೆಳೆ. ದಕ್ಷಿಣ ಭಾರತದಲ್ಲಿ ವ್ಯಾಪಕವಾದದ್ದು 19ನೆಯ ಶತಮಾನದಲ್ಲಿ. ಆದುದರಿಂದ ಕಥೆಯ ಈಗಿನ ರೂಪ ಗುಡಿಗಿಂತ ಎಳೆಯದಿರಬೇಕು. ಆದರೆ ಹೊಸ ಫಸಲನ್ನು ದೇವರಿಗೆ ಮೀಸಲಿಟ್ಟು ಉಣ್ಣುವ ಪದ್ಧತಿ ಬಲು ಹಳೆಯದು. ಪರದೇಶದ ಬೀಜವನ್ನು ರೈತನು ಆ ಪದ್ಧತಿಯಿಂದಲೇ ತನ್ನದಾಗಿಸಿಕೊಂಡನು. ಕಥೆಯ ಸತ್ಯವಿರುವುದು ಅಲ್ಲಿ.

1898ರ ಪ್ಲೇಗಿನ ಕಾಲದಿಂದ ಬಡಾವಣೆ ಬೆಳೆಯುತ್ತ ಆ ಹೊಲಗಳು ಮರೆಯಾದವು. ಈಗ ಕೋಲಾರ, ಚಿಂತಾಮಣಿ, ಮಾಗಡಿ, ತಮಿಳುನಾಡುಗಳಿಂದ ಮೂಟೆಗಳು ಬರುತ್ತವೆ. ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಸೇರಿಗೆ ಚೌಕಾಸಿ ಮಾಡುವಾಗ, ರಾಶಿಯ ಹಿಂದೆ ಕುಳಿತವರಲ್ಲಿ ಬೆಳೆದವರೂ ಇದ್ದಾರೆಂಬುದು ನೆನಪಿರಲಿ. ಹೊಲವೇ ಉಳಿಯದ ಊರಿನ ಹರಕೆಯನ್ನು ತೀರಿಸುತ್ತಿರುವವರು ಅವರೇ.